ಅಷ್ಟಾಂಗ ಯೋಗ: ಹೊಸ ಅಭ್ಯಾಸಿಗೆ ತಕ್ಕ ಪುಸ್ತಕದ ಆಯ್ಕೆ

ಶರೀರದ ಆರೋಗ್ಯಕ್ಕೆ ಹಿತಮಿತವಾದ ಆಹಾರ, ಶುದ್ಧವಾದ ನೀರು, ಸಾಕಷ್ಟು ನಿದ್ರೆ ಇವು ಹೇಗೆ ಅವಶ್ಯವೋ ನಿಯಮಿತವಾದ ವ್ಯಾಯಾಮವೂ ಹಾಗೆಯೇ ಅವಶ್ಯ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳಷ್ಟಾದರೂ ಸಾಧಾರಣ ಶ್ರಮದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ. ಹೆಚ್ಚು ಖರ್ಚಿಲ್ಲದೆ, ಮನೆಯ ಒಂದು ಮೂಲೆಯಲ್ಲಿಯೇ ಮಾಡಬಹುದಾದ ಯೋಗಾಸನಗಳು ಈ ಉದ್ದೇಶಕ್ಕೆ ಬಹುಮಟ್ಟಿಗೆ ಒದಗಿಬರುತ್ತವೆ. 2015ರಿಂದ ಪ್ರತಿವರ್ಷ ಜೂನ್ 21ರಂದು ಅಂತರರಾಷ್ಟ್ರೀಯ ಯೋಗ ದಿನವನ್ನು ಆಚರಿಸಲಾಗುತ್ತಿದ್ದು, ಹಳ್ಳಿಗಳಲ್ಲಿಯೂ ಯೋಗದ ವಿಷಯವಾಗಿ ಆಸಕ್ತಿ ಬೆಳೆದಿದೆ.

ಆದರೆ ಆಸಕ್ತಿಯಿರುವ ಎಲ್ಲರಿಗೂ ಸಮೀಪದಲ್ಲಿ ಅನುಭವಿಯಾದ ಶಿಕ್ಷಕರು ದೊರೆಯುವುದಿಲ್ಲ. ಶಿಕ್ಷಕರು ದೊರೆತರೂ ಬೆಳಗಿನ ಹೊತ್ತು ಮನೆಯನ್ನು ಬಿಟ್ಟು ಹೋಗಲು ಅನೇಕ ಗೃಹಿಣಿಯರಿಗೆ, ಪಾಳಿಯ ಮೇಲೆ ದುಡಿಯುವವರಿಗೆ ಸಾಧ್ಯವಾಗುವುದಿಲ್ಲ. ಇಂಥವರು ಸಹಜವಾಗಿಯೇ ಪುಸ್ತಕವನ್ನು ಆಶ್ರಯಿಸುತ್ತಾರೆ. ಪುಸ್ತಕವನ್ನು ಆಶ್ರಯಿಸುವುದು ತಪ್ಪಲ್ಲ. ಆದರೆ ಒಂದು ಸಂಗತಿಯನ್ನು ಮರೆಯಬಾರದು: ನೀವು ಪುಸ್ತಕವನ್ನು ನೋಡಬಲ್ಲಿರಿ, ಪುಸ್ತಕವು ನಿಮ್ಮನ್ನು ನೋಡಲಾರದು. ನಿಮ್ಮ ಮೊಣಕಾಲು ತಿರುಚುತ್ತಿದೆಯೇ, ಉಸಿರು ಕಟ್ಟುತ್ತಿದೆಯೇ, ನಿಮಗೆ ರಕ್ತದ ಒತ್ತಡವಿದೆಯೇ ಎಂಬುದು ಅದಕ್ಕೆ ತಿಳಿಯದು. ಆದಕಾರಣ ಓದುಗನಿಗೆ ಆಗಬಹುದಾದ ತೊಂದರೆಗಳನ್ನು ಮುಂಚಿತವಾಗಿಯೇ ಊಹಿಸಿ ಬರೆದ ಪುಸ್ತಕವನ್ನು ಆರಿಸಿಕೊಳ್ಳುವುದು ಅತ್ಯಗತ್ಯ. ಅಂಥ ಪುಸ್ತಕವನ್ನು ಗುರುತಿಸುವ ಬಗೆಯನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಮೊದಲು ಹೆಸರಿನ ಅರ್ಥವನ್ನು ತಿಳಿಯಿರಿ

‘ಅಷ್ಟಾಂಗ ಯೋಗ’ ಎಂಬ ಹೆಸರು ಇಂದು ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಇದನ್ನು ತಿಳಿಯದೆ ಪುಸ್ತಕವನ್ನು ಕೊಂಡವರು ನಿರಾಶರಾಗುವುದುಂಟು.

ಮೊದಲನೆಯದು ಶಾಸ್ತ್ರದ ಅರ್ಥ. ಪತಂಜಲಿ ಮಹರ್ಷಿಗಳ ಯೋಗಸೂತ್ರಗಳ ಎರಡನೆಯ ಪಾದದಲ್ಲಿ ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ ಎಂಬ ಎಂಟು ಅಂಗಗಳನ್ನು ಹೇಳಲಾಗಿದೆ. ಈ ಎಂಟೂ ಸೇರಿ ಅಷ್ಟಾಂಗ. ಇಲ್ಲಿ ಆಸನವು ಮೂರನೆಯ ಅಂಗ ಮಾತ್ರ. ಅಹಿಂಸೆ, ಸತ್ಯ ಮೊದಲಾದ ಯಮಗಳೂ, ಶೌಚ, ಸಂತೋಷ ಮೊದಲಾದ ನಿಯಮಗಳೂ ಅದಕ್ಕಿಂತ ಮೊದಲು ಬರುತ್ತವೆ. ಯೋಗಸೂತ್ರಗಳ ಮೇಲಿನ ವ್ಯಾಖ್ಯಾನ ಗ್ರಂಥವು ಮನಸ್ಸಿನ ಸಾಧನೆಯನ್ನು ತಿಳಿಸುತ್ತದೆಯೇ ಹೊರತು ಕೈಕಾಲುಗಳನ್ನು ಎಲ್ಲಿ ಇಡಬೇಕೆಂಬುದನ್ನು ತಿಳಿಸುವುದಿಲ್ಲ.

ಎರಡನೆಯದು ಅಭ್ಯಾಸ ಪದ್ಧತಿಯ ಅರ್ಥ. ಮೈಸೂರಿನಲ್ಲಿ ಕೆ. ಪಟ್ಟಾಭಿ ಜೋಯಿಸರು ಕಲಿಸಿ ಪ್ರಸಿದ್ಧಿಗೆ ತಂದ, ಉಸಿರಿನ ಎಣಿಕೆಗೆ ಅನುಸಾರವಾಗಿ ಆಸನಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಮಾಡುತ್ತ ಹೋಗುವ ವಿಧಾನಕ್ಕೂ ಇದೇ ಹೆಸರಿದೆ. ಇದನ್ನು ಅಷ್ಟಾಂಗ ವಿನ್ಯಾಸ ಯೋಗವೆಂದೂ ಕರೆಯುತ್ತಾರೆ. ಪ್ರತಿಯೊಂದು ಚಲನೆಯನ್ನೂ ಒಂದು ಉಚ್ಛ್ವಾಸಕ್ಕೆ ಇಲ್ಲವೆ ಒಂದು ನಿಃಶ್ವಾಸಕ್ಕೆ ಜೋಡಿಸುವುದೇ ವಿನ್ಯಾಸ. ನೀವು ಕೊಳ್ಳಬೇಕೆಂದಿರುವ ಪುಸ್ತಕವು ಈ ಎರಡರಲ್ಲಿ ಯಾವುದನ್ನು ಕುರಿತದ್ದು ಎಂಬುದನ್ನು ವಿಷಯಸೂಚಿಯನ್ನು ನೋಡಿಯೇ ತಿಳಿದುಕೊಳ್ಳಬಹುದು. ಎರಡು ಅರ್ಥಗಳ ನಡುವಣ ಸಂಬಂಧವನ್ನು ಮೊದಲ ಅಧ್ಯಾಯದಲ್ಲಿಯೇ ಸ್ಪಷ್ಟಪಡಿಸುವ ಪುಸ್ತಕವು ಓದುಗನ ಬಗೆಗೆ ಕಾಳಜಿಯುಳ್ಳದ್ದೆಂದು ಭಾವಿಸಬಹುದು.

2. ಮೈಸೂರಿನ ಪರಂಪರೆ ಮತ್ತು ಅದರ ಗ್ರಂಥಗಳು

ಈ ಪದ್ಧತಿಯ ಮೂಲ ಗ್ರಂಥಗಳು ಕನ್ನಡದಲ್ಲಿಯೇ ಹುಟ್ಟಿದವು ಎಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1933ರಿಂದ ಯೋಗಶಾಲೆಯನ್ನು ನಡೆಸಿದರು. ಅವರ ‘ಯೋಗ ಮಕರಂದ’ವು 1934ರಲ್ಲಿಯೂ ‘ಯೋಗಾಸನಗಳು’ ಎಂಬ ಪುಸ್ತಕವು 1941ರಲ್ಲಿಯೂ ಕನ್ನಡದಲ್ಲಿ ಪ್ರಕಟವಾದವು. ಹಾಸನದ ಬಳಿಯ ಕೌಶಿಕ ಗ್ರಾಮದಲ್ಲಿ 1915ರಲ್ಲಿ ಜನಿಸಿದ ಪಟ್ಟಾಭಿ ಜೋಯಿಸರು ಅವರ ಶಿಷ್ಯರು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗವನ್ನು ಬೋಧಿಸುತ್ತಿದ್ದ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಅಷ್ಟಾಂಗ ಯೋಗ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಅವರು ಕನ್ನಡದಲ್ಲಿ ಬರೆದ ‘ಯೋಗಮಾಲಾ’ 1962ರಲ್ಲಿ ಹೊರಬಂದಿತು. ಅದರ ಇಂಗ್ಲಿಷ್ ಅನುವಾದವು ಪ್ರಕಟವಾದದ್ದು 1999ರಲ್ಲಿ. ಜೋಯಿಸರು 2009ರಲ್ಲಿ ನಿಧನರಾದರು.

ಈಗ ಈ ಗ್ರಂಥಗಳಲ್ಲಿ ಹೊಸಬರಿಗೆ ಯಾವುದು ತಕ್ಕುದೆಂಬುದನ್ನು ವಿಚಾರಿಸೋಣ.

‘ಯೋಗ ಮಕರಂದ’ವು ಚರಿತ್ರೆಯ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು. ಆದರೆ ಅದರಲ್ಲಿ ಶೋಧನ ಕ್ರಿಯೆಗಳೂ ಕಠಿಣವಾದ ಆಸನಗಳೂ ಇವೆ. ಅವುಗಳನ್ನು ಗುರುವಿನ ಸನ್ನಿಧಿಯಿಲ್ಲದೆ ಪ್ರಯತ್ನಿಸಬಾರದು. ‘ಯೋಗಾಸನಗಳು’ ಪುಸ್ತಕದಲ್ಲಿ ಆಸನಗಳನ್ನು ಪ್ರಾಥಮಿಕ, ಮಧ್ಯಮ ಮತ್ತು ಪ್ರವೀಣ ಹಂತಗಳಾಗಿ ವಿಂಗಡಿಸಿ ಪಟ್ಟಿಮಾಡಲಾಗಿದೆ. ಎಲ್ಲವೂ ಎಲ್ಲರಿಗೂ ಒಮ್ಮೆಗೇ ತಕ್ಕುದಲ್ಲವೆಂಬ ತತ್ವವನ್ನು ಈ ವಿಂಗಡಣೆಯಿಂದ ಕಲಿಯಬಹುದು.

‘ಯೋಗಮಾಲಾ’ದಲ್ಲಿ ಯಮನಿಯಮಗಳ ವಿವರಣೆ, ಸೂರ್ಯನಮಸ್ಕಾರದ ಎರಡು ಬಗೆಗಳು, ಮತ್ತು ಯೋಗಚಿಕಿತ್ಸೆಯೆಂದು ಕರೆಯಲಾಗುವ ಮೊದಲ ಸರಣಿಯ ಆಸನಗಳು ವಿನ್ಯಾಸದ ಸಂಖ್ಯೆಯೊಡನೆ ದೊರೆಯುತ್ತವೆ. ಪದ್ಧತಿಯನ್ನು ಸ್ವತಃ ಬೋಧಿಸಿದವರೇ ಬರೆದದ್ದೆಂಬುದು ಅದರ ಹಿರಿಮೆ. ಆದರೆ ಶರೀರವು ಬಿರುಸಾಗಿರುವವರಿಗೆ, ನಡುವಯಸ್ಸು ದಾಟಿದವರಿಗೆ ಬೇಕಾದ ಸುಲಭ ಕ್ರಮಗಳ ವಿವರಣೆ ಅದರ ಉದ್ದೇಶವಾಗಿರಲಿಲ್ಲ. ಆಸನಗಳ ಫಲಗಳನ್ನು ಅದರಲ್ಲಿ ಸಂಪ್ರದಾಯದ ಮಾತಿನಲ್ಲಿ ಹೇಳಲಾಗಿದೆ. ಅವನ್ನು ವೈದ್ಯರ ಚೀಟಿಯೆಂದು ಭಾವಿಸಬಾರದು. ಮೂಲವನ್ನು ಅರಿಯಲು ಈ ಪುಸ್ತಕವೂ, ದಿನದ ಅಭ್ಯಾಸಕ್ಕೆ ಸುಲಭ ಕ್ರಮಗಳನ್ನು ತೋರಿಸುವ ಮತ್ತೊಂದು ಪುಸ್ತಕವೂ ಜೊತೆಯಲ್ಲಿದ್ದರೆ ಒಳ್ಳೆಯದು.

ಇಂಗ್ಲಿಷ್ ಓದಬಲ್ಲವರಿಗೆ ಡೇವಿಡ್ ಸ್ವೆನ್ಸನ್ ಅವರ ಅಷ್ಟಾಂಗ ಯೋಗದ ಅಭ್ಯಾಸ ಕೈಪಿಡಿಯು ಉಪಯುಕ್ತವಾಗಿದೆ. ಪೂರ್ಣ ಆಸನವನ್ನು ಮಾಡಲಾಗದವರು ಏನು ಮಾಡಬೇಕೆಂಬುದನ್ನು ಅದರಲ್ಲಿ ಚಿತ್ರಸಹಿತ ತೋರಿಸಲಾಗಿದೆ. ಗ್ರೆಗರ್ ಮೇಲೆ ಅವರ ಪುಸ್ತಕವು ಕೀಲುಗಳ ರಚನೆಯನ್ನೂ ತತ್ವವನ್ನೂ ವಿಸ್ತಾರವಾಗಿ ಚರ್ಚಿಸುತ್ತದೆ. ಸ್ವಲ್ಪ ಅಭ್ಯಾಸವಾದ ಮೇಲೆ ಓದಲು ಅದು ತಕ್ಕುದು.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರೂ ಕೃಷ್ಣಮಾಚಾರ್ಯರ ಶಿಷ್ಯರೇ. 1966ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಗ್ರಂಥದಲ್ಲಿ ಸುಮಾರು 600 ಛಾಯಾಚಿತ್ರಗಳಿವೆ. ಆಸನದ ಸೂಕ್ಷ್ಮಗಳನ್ನು ತಿಳಿಯಲು ಅದು ಉತ್ತಮ ಗ್ರಂಥ. ಆದರೆ ಅದರ ಪದ್ಧತಿ ಬೇರೆ. ಉಸಿರಿನ ಎಣಿಕೆಯ ಮೇಲೆ ನಡೆಯುವ ಸರಣಿ ಅದರಲ್ಲಿಲ್ಲ. ಎರಡು ಪದ್ಧತಿಗಳ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಒಂದರ ಅರ್ಧವನ್ನೂ ಇನ್ನೊಂದರ ಅರ್ಧವನ್ನೂ ಬೆರೆಸುವುದು ಹೊಸಬರಿಗೆ ಹಿತಕರವಲ್ಲ.

3. ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಪುಸ್ತಕದ ಹೊದಿಕೆಯನ್ನೂ ಬೆಲೆಯನ್ನೂ ನೋಡಿ ನಿರ್ಧರಿಸಬೇಡಿ. ಅಂಗಡಿಯಲ್ಲಾಗಲಿ ಗ್ರಂಥಾಲಯದಲ್ಲಾಗಲಿ ಹತ್ತು ನಿಮಿಷ ನಿಂತು ಕೆಳಗಿನ ನಾಲ್ಕು ಪುಟಗಳನ್ನು ತೆರೆದು ನೋಡಿ.

(ಅ) ಸೂರ್ಯನಮಸ್ಕಾರದ ಪುಟ. ಈ ಪದ್ಧತಿಯ ಮೊದಲ ಬಗೆಯ ಸೂರ್ಯನಮಸ್ಕಾರದಲ್ಲಿ 9 ವಿನ್ಯಾಸಗಳೂ ಎರಡನೆಯ ಬಗೆಯಲ್ಲಿ 17 ವಿನ್ಯಾಸಗಳೂ ಇವೆ. ಮೊದಲ ಬಗೆಯ ಕ್ರಮ ಹೀಗಿದೆ: ನೇರವಾಗಿ ನಿಂತು, 1. ಉಸಿರನ್ನು ಒಳಗೆಳೆಯುತ್ತ ಕೈಗಳನ್ನು ಮೇಲೆತ್ತುವುದು. 2. ಉಸಿರನ್ನು ಬಿಡುತ್ತ ಮುಂದಕ್ಕೆ ಬಾಗುವುದು. 3. ಒಳಗೆಳೆಯುತ್ತ ತಲೆಯನ್ನೂ ಎದೆಯನ್ನೂ ಎತ್ತುವುದು. 4. ಬಿಡುತ್ತ ಕಾಲುಗಳನ್ನು ಹಿಂದಕ್ಕೆ ಒಯ್ದು ದೇಹವನ್ನು ಕೋಲಿನಂತೆ ನೆಲಕ್ಕೆ ಸಮಾನಾಂತರವಾಗಿ ಇಳಿಸುವುದು. 5. ಒಳಗೆಳೆಯುತ್ತ ಎದೆಯನ್ನು ಮುಂದಕ್ಕೆತ್ತುವುದು. 6. ಬಿಡುತ್ತ ಸೊಂಟವನ್ನು ಮೇಲಕ್ಕೆತ್ತಿ, ಅಲ್ಲಿಯೇ ಐದು ದೀರ್ಘ ಉಸಿರಾಟಗಳವರೆಗೆ ನಿಲ್ಲುವುದು. 7. ಒಳಗೆಳೆಯುತ್ತ ಪಾದಗಳನ್ನು ಕೈಗಳ ನಡುವೆ ತಂದು ತಲೆಯನ್ನೆತ್ತುವುದು. 8. ಬಿಡುತ್ತ ಬಾಗುವುದು. 9. ಒಳಗೆಳೆಯುತ್ತ ಎದ್ದು ಕೈಗಳನ್ನು ಮೇಲೆತ್ತುವುದು. ಬಳಿಕ ಉಸಿರನ್ನು ಬಿಡುತ್ತ ಮೊದಲಿನ ಸ್ಥಿತಿಗೆ ಬರುವುದು.

ನಿಮ್ಮ ಕೈಯಲ್ಲಿರುವ ಪುಸ್ತಕದಲ್ಲಿ ಈ ಒಂಬತ್ತಕ್ಕೂ ಬೇರೆ ಬೇರೆ ಚಿತ್ರಗಳಿವೆಯೇ? ಪ್ರತಿಯೊಂದು ಚಿತ್ರದ ಬಳಿಯೂ ಉಸಿರು ಒಳಕ್ಕೋ ಹೊರಕ್ಕೋ ಎಂಬುದನ್ನು ಬರೆದಿದೆಯೇ? ದೃಷ್ಟಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳಿದೆಯೇ? ಆಸನ, ಉಸಿರು, ದೃಷ್ಟಿ ಈ ಮೂರೂ ಕೂಡಿದಾಗಲೇ ಈ ಪದ್ಧತಿಯ ಅಭ್ಯಾಸವು ಪೂರ್ಣವಾಗುತ್ತದೆ. ಉಸಿರಿನ ಸೂಚನೆಯಿಲ್ಲದೆ ಬರಿಯ ಚಿತ್ರಗಳನ್ನು ಮಾತ್ರ ಕೊಟ್ಟಿರುವ ಪುಸ್ತಕವನ್ನು ಕೆಳಗಿಡಿ. ನಿಮಗೆ ಶಾಲೆಯಲ್ಲಿ ಕಲಿಸಿದ ಸೂರ್ಯನಮಸ್ಕಾರವು 12 ಸ್ಥಿತಿಗಳದ್ದಾಗಿದ್ದರೆ ಗೊಂದಲಪಡಬೇಕಾಗಿಲ್ಲ. ಅದು ಬೇರೊಂದು ಕ್ರಮ, ತಪ್ಪಾದ ಕ್ರಮವಲ್ಲ.

(ಆ) ಪದ್ಮಾಸನದ ಪುಟ. ಮೊಣಕಾಲು ಬಾಗಿಲಿನ ತಿರುಗಣೆಯಂತೆ ಮಡಿಸಲು, ಚಾಚಲು ರಚಿತವಾದ ಕೀಲು. ಪಕ್ಕಕ್ಕೆ ತಿರುಚುವ ಶಕ್ತಿ ಅದಕ್ಕೆ ಬಹಳ ಕಡಿಮೆ. ಪದ್ಮಾಸನಕ್ಕೆ ಬೇಕಾದ ತಿರುವು ತೊಡೆಯು ಸೊಂಟಕ್ಕೆ ಸೇರುವ ಕೀಲಿನಿಂದ ಬರಬೇಕು. ಆ ಕೀಲು ಸಡಿಲವಾಗುವ ಮೊದಲೇ ಪಾದವನ್ನು ಕೈಯಿಂದ ಎಳೆದು ತೊಡೆಯ ಮೇಲೆ ಏರಿಸಿದರೆ ಮೊಣಕಾಲಿನೊಳಗಿನ ಮೃದ್ವಸ್ಥಿಗೆ ಪೆಟ್ಟಾಗಬಹುದು. ಅದು ತಿಂಗಳುಗಟ್ಟಲೆ ಕಾಡುವ ನೋವು. ಮೊದಲ ಸರಣಿಯಲ್ಲಿ ಅರ್ಧಬದ್ಧ ಪದ್ಮೋತ್ತಾನಾಸನ, ಮರೀಚ್ಯಾಸನದ ಕೆಲವು ಬಗೆಗಳು ಮೊದಲಾದ ಹಲವು ಆಸನಗಳಲ್ಲಿ ಅರ್ಧಪದ್ಮವು ಬರುತ್ತದೆ. ಈ ಪುಟದಲ್ಲಿ “ಮೊಣಕಾಲಿನಲ್ಲಿ ನೋವು ಕಂಡರೆ ನಿಲ್ಲಿಸಿ” ಎಂಬ ಮಾತೂ, ಪದ್ಮಕ್ಕೆ ಬದಲಾಗಿ ಕಾಲನ್ನು ಸರಳವಾಗಿ ಮಡಿಸಿಡುವ ಕ್ರಮವೂ ಇದ್ದರೆ ಪುಸ್ತಕವನ್ನು ಬರೆದವರು ನಿಜವಾಗಿ ಪಾಠ ಹೇಳಿದ ಅನುಭವವುಳ್ಳವರೆಂದು ತಿಳಿಯಿರಿ.

(ಇ) ಶೀರ್ಷಾಸನ ಮತ್ತು ಸರ್ವಾಂಗಾಸನಗಳ ಪುಟ. ಇಲ್ಲಿ ಎಚ್ಚರಿಕೆಯ ಮಾತು ಇರಲೇಬೇಕು. ಶೀರ್ಷಾಸನದಲ್ಲಿ ಭಾರವು ಮುಂಗೈಗಳ ಮೇಲೂ, ಸರ್ವಾಂಗಾಸನದಲ್ಲಿ ಭುಜಗಳ ಮೇಲೂ ಬೀಳಬೇಕೆಂದು ಹೇಳಿದೆಯೇ ನೋಡಿ. ತಲೆಕೆಳಗಾದ ಸ್ಥಿತಿಯಲ್ಲಿ ಕಣ್ಣಿನೊಳಗಿನ ಒತ್ತಡವು ಏರುವುದರಿಂದ ಗ್ಲಾಕೋಮಾ ರೋಗವಿರುವವರು ಈ ಆಸನಗಳನ್ನು ಮಾಡಬಾರದು. ರಕ್ತದ ಒತ್ತಡವು ಹತೋಟಿಯಲ್ಲಿಲ್ಲದವರಿಗೂ, ಕತ್ತಿನ ಮೂಳೆಯ ತೊಂದರೆಯಿರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಮೊದಲ ವಾರದಲ್ಲಿಯೇ ಶೀರ್ಷಾಸನವನ್ನು ಮಾಡಿಸುವ ಪುಸ್ತಕವು ಎಷ್ಟೇ ಸುಂದರವಾಗಿದ್ದರೂ ಬೇಡ.

(ಈ) ಉಸಿರಾಟದ ಪುಟ. ಈ ಪದ್ಧತಿಯಲ್ಲಿ ಆಸನ ಮಾಡುವಾಗ ಮೂಗಿನಿಂದಲೇ, ಒಳಗೆಳೆಯುವುದೂ ಬಿಡುವುದೂ ಸಮವಾಗಿರುವಂತೆ, ತಡೆಯಿಲ್ಲದೆ ಉಸಿರಾಡಬೇಕು. ಉಸಿರನ್ನು ಹಿಡಿದು ನಿಲ್ಲಿಸುವ ಕುಂಭಕವು ಪ್ರಾಣಾಯಾಮಕ್ಕೆ ಸೇರಿದ್ದು. ಅದನ್ನು ಬಹುಕಾಲದ ಅಭ್ಯಾಸದ ನಂತರ ಗುರುಮುಖೇನ ಕಲಿಯಬೇಕು. ಹೊಸಬರಿಗೆ ಆಸನದಲ್ಲಿಯೇ ಉಸಿರನ್ನು ಬಿಗಿಹಿಡಿಯಲು ಹೇಳುವ ಪುಸ್ತಕವನ್ನು ಒಪ್ಪಬಾರದು. ಆಸನದಲ್ಲಿ ಎಷ್ಟು ಉಸಿರಾಟಗಳವರೆಗೆ ನಿಲ್ಲಬೇಕೆಂಬ ವಿಷಯದಲ್ಲಿ ಪುಸ್ತಕಗಳಲ್ಲಿ ಭಿನ್ನತೆ ಇದೆ. ಕೆಲವರು 5 ಎಂದೂ ಕೆಲವರು 8 ಎಂದೂ ಹೇಳುತ್ತಾರೆ. ಹೊಸಬರಿಗೆ 5 ಸಾಕು.

ಇವುಗಳ ಜೊತೆಗೆ ಮುದ್ರಣವನ್ನೂ ಗಮನಿಸಿ. ಅಕ್ಷರಗಳು ಎರಡಡಿ ದೂರದಿಂದ ಓದುವಷ್ಟು ದಪ್ಪವಾಗಿರಲಿ. ಪುಸ್ತಕವು ನೆಲದ ಮೇಲೆ ತೆರೆದಿಟ್ಟರೆ ತಾನಾಗಿಯೇ ಮುಚ್ಚಿಕೊಳ್ಳದಂತಿರಲಿ. ಚಿತ್ರಗಳಲ್ಲಿ ಪೂರ್ಣಗೊಂಡ ಆಸನ ಮಾತ್ರವಲ್ಲದೆ ಅದಕ್ಕೆ ಹೋಗುವ ದಾರಿಯೂ, ಅದರಿಂದ ಹೊರಬರುವ ದಾರಿಯೂ ಕಾಣಬೇಕು.

4. ಕಾಲದ ಅಳತೆಯನ್ನು ನೋಡಿ

ಮೊದಲ ಸರಣಿಯನ್ನು ಪೂರ್ಣವಾಗಿ ಮಾಡಲು ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ. ನಸುಕಿನಲ್ಲೆದ್ದು ನೀರು ತುಂಬಿಸಿ, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿಗೆ ಇಷ್ಟು ಸಮಯ ಎಲ್ಲಿಂದ ಬರಬೇಕು? ಪೂರ್ಣ ಸರಣಿಯೊಂದನ್ನೇ ಕೊಟ್ಟು ಸುಮ್ಮನಾಗುವ ಪುಸ್ತಕವು ಅಂಥವರಲ್ಲಿ ತಮ್ಮಿಂದಾಗದೆಂಬ ಭಾವನೆಯನ್ನು ಮಾತ್ರ ಹುಟ್ಟಿಸುತ್ತದೆ. 20 ಅಥವಾ 30 ನಿಮಿಷಗಳ ಕಿರಿಯ ಕ್ರಮಗಳನ್ನು ಪ್ರತ್ಯೇಕವಾಗಿ ಕೊಟ್ಟಿರುವ ಪುಸ್ತಕವನ್ನೇ ಆರಿಸಿ. ಮೈಸೂರಿನ ಶಾಲೆಗಳಲ್ಲಿಯೂ ಹೊಸಬರಿಗೆ ಮೊದಲ ದಿನವೇ ಎಲ್ಲವನ್ನೂ ಹೇಳಿಕೊಡುವ ಪದ್ಧತಿಯಿಲ್ಲ. ಒಂದು ಆಸನವು ಪಳಗಿದ ಮೇಲೆಯೇ ಮುಂದಿನದು.

ಮನೆಗೆಲಸವೇ ಸಾಕಷ್ಟು ವ್ಯಾಯಾಮವಲ್ಲವೇ ಎಂದು ಕೆಲವರು ಕೇಳುವುದುಂಟು. ಮನೆಗೆಲಸದಲ್ಲಿ ಶ್ರಮವಿದೆ, ನಿಜ. ಆದರೆ ಒಂದೇ ಬಗೆಯಾಗಿ ಬಾಗಿ ದುಡಿಯುವುದರಿಂದ ಬೆನ್ನು ದಣಿಯುತ್ತದೆಯೇ ಹೊರತು ಎಲ್ಲ ಕೀಲುಗಳಿಗೂ ಸಮನಾದ ಚಲನೆ ದೊರೆಯುವುದಿಲ್ಲ. ದಿನಕ್ಕೆ 20 ನಿಮಿಷಗಳನ್ನು ಗೃಹಿಣಿಗೆ ಬಿಡುವು ಮಾಡಿಕೊಡುವುದು ಮನೆಯ ಇತರರ ಕರ್ತವ್ಯ.

5. ಯಾರು ವೈದ್ಯರನ್ನು ಕೇಳಿ ಆರಂಭಿಸಬೇಕು?

ಒಳ್ಳೆಯ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿರುತ್ತದೆ. ಕೆಳಗೆ ಹೇಳಿದವರ ವಿಷಯವು ಅದರಲ್ಲಿದೆಯೇ ಎಂದು ಹೋಲಿಸಿ ನೋಡಿ.

ಗರ್ಭಿಣಿಯರು: ಗರ್ಭ ಧರಿಸಿದ ಮೇಲೆ ಈ ಪದ್ಧತಿಯನ್ನು ಹೊಸದಾಗಿ ಆರಂಭಿಸಬಾರದು. ಹಾರಿ ಹಿಂದಕ್ಕೆ ಹೋಗುವುದು, ಹೊಟ್ಟೆಯನ್ನು ಒತ್ತುವ ಬಾಗುವಿಕೆ, ಬಲವಾದ ತಿರುಚುವಿಕೆ ಇವು ಅವರಿಗೆ ತಕ್ಕುದಲ್ಲ. ಗರ್ಭಿಣಿಯರಿಗೆ ಯೋಗ್ಯವಾದ ಲಘು ವ್ಯಾಯಾಮಗಳನ್ನು ವೈದ್ಯರಿಂದಾಗಲಿ ತರಬೇತಿ ಪಡೆದ ಶಿಕ್ಷಕರಿಂದಾಗಲಿ ಕಲಿಯಬೇಕು.

ಬಾಣಂತಿಯರು ಮತ್ತು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು: ಹೆರಿಗೆಯ ನಂತರ, ವಿಶೇಷವಾಗಿ ಸಿಸೇರಿಯನ್ ಹೆರಿಗೆಯ ನಂತರ, ವೈದ್ಯರು ಪರೀಕ್ಷಿಸಿ ಒಪ್ಪಿದ ಮೇಲೆಯೇ ಆರಂಭಿಸಬೇಕು. ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸ್ತ್ರೀಯರಿಗೂ ಪುರುಷರಿಗೂ ಇದೇ ನಿಯಮ. ಗಾಯವು ಮಾಯುವ ಮೊದಲೇ ಹೊಟ್ಟೆಯ ಸ್ನಾಯುಗಳನ್ನು ಬಿಗಿಯುವ ಆಸನಗಳು ಅಪಾಯಕರ. ಗರ್ಭಕೋಶ ಜಾರುವಿಕೆ, ಹರ್ನಿಯ ಇರುವವರೂ ವೈದ್ಯರನ್ನು ಕೇಳಬೇಕು.

ಮುಟ್ಟಿನ ದಿನಗಳು: ಈ ಪರಂಪರೆಯಲ್ಲಿ ಮೊದಲ ಮೂರು ದಿನ ಅಭ್ಯಾಸಕ್ಕೆ ವಿರಾಮ ಹೇಳಲಾಗಿದೆ. ಆ ದಿನಗಳಲ್ಲಿ ಲಘು ವ್ಯಾಯಾಮದಿಂದ ಹಾನಿಯೇನೂ ಇಲ್ಲ. ವಿಶ್ರಾಂತಿ ಬೇಕೆನಿಸಿದವರು ವಿಶ್ರಾಂತಿ ಪಡೆಯಲಿ. ಇದು ಅವರವರ ಅನುಕೂಲಕ್ಕೆ ಬಿಟ್ಟ ವಿಷಯ. ರಕ್ತಹೀನತೆಯಿಂದ ತಲೆ ಸುತ್ತುವವರು ಮೊದಲು ಅದಕ್ಕೆ ಚಿಕಿತ್ಸೆ ಪಡೆಯಬೇಕು.

ಮಧುಮೇಹ ರೋಗಿಗಳು: ಬರಿಯ ಹೊಟ್ಟೆಯಲ್ಲಿ ಅಭ್ಯಾಸ ಮಾಡಬೇಕೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಆದರೆ ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ಸಕ್ಕರೆಯ ಅಂಶವನ್ನು ತಗ್ಗಿಸುವ ಕೆಲವು ಮಾತ್ರೆಗಳನ್ನಾಗಲಿ ತೆಗೆದುಕೊಳ್ಳುವವರು ಬರಿಯ ಹೊಟ್ಟೆಯಲ್ಲಿ ಶ್ರಮಪಟ್ಟರೆ ರಕ್ತದ ಸಕ್ಕರೆಯು ಅತಿಯಾಗಿ ಇಳಿದು, ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಅವರು ಅಭ್ಯಾಸದ ಹೊತ್ತನ್ನು ವೈದ್ಯರೊಡನೆ ವಿಚಾರಿಸಿ ಗೊತ್ತುಮಾಡಿಕೊಳ್ಳಬೇಕು. ಸಕ್ಕರೆಯನ್ನೋ ಬೆಲ್ಲವನ್ನೋ ಕೈಗೆಟುಕುವಲ್ಲಿ ಇಟ್ಟುಕೊಳ್ಳಬೇಕು.

ಹೃದಯರೋಗ, ರಕ್ತದ ಒತ್ತಡ, ಮೂರ್ಛೆರೋಗ, ಬೆನ್ನುಮೂಳೆಯ ಡಿಸ್ಕ್ ಜಾರುವಿಕೆ, ಮೂಳೆ ಸವೆತ ಇವುಗಳಿಂದ ನರಳುವವರೂ ವೈದ್ಯರ ಸಲಹೆಯಿಲ್ಲದೆ ಪುಸ್ತಕವನ್ನು ನೋಡಿ ಆರಂಭಿಸಬಾರದು.

6. ರೋಗ ವಾಸಿಯಾಗುವುದೆಂಬ ಭರವಸೆ

ಇದು ಈ ಪಾಠದ ಅತಿ ಮುಖ್ಯವಾದ ಭಾಗ. ಕೆಲವು ಪುಸ್ತಕಗಳಲ್ಲಿ ಪ್ರತಿಯೊಂದು ಆಸನದ ಕೆಳಗೂ ಉದ್ದವಾದ ರೋಗಗಳ ಪಟ್ಟಿ ಇರುತ್ತದೆ. ಈ ಆಸನದಿಂದ ಮಧುಮೇಹ ನಿರ್ಮೂಲವಾಗುವುದು, ಆ ಆಸನದಿಂದ ಬಂಜೆತನ ನೀಗುವುದು ಎಂದೆಲ್ಲ ಬರೆದಿರುತ್ತಾರೆ. ನೊಂದವರಿಗೆ ಇಂಥ ಮಾತು ಬಹಳ ಹಿತವಾಗಿ ಕೇಳಿಸುತ್ತದೆ. ಅದರಿಂದಲೇ ಅದು ಅಪಾಯಕರ.

ಯೋಗಾಭ್ಯಾಸದಿಂದ ಬಹುದಿನದ ಸೊಂಟನೋವಿಗೆ ಸ್ವಲ್ಪಮಟ್ಟಿನ ಉಪಶಮನ ದೊರೆಯುವುದೆಂದೂ, ರಕ್ತದ ಒತ್ತಡವು ಕೊಂಚ ಇಳಿಯಬಹುದೆಂದೂ, ಮನಸ್ಸಿನ ಉದ್ವೇಗ ತಗ್ಗುವುದೆಂದೂ ಸಂಶೋಧನೆಗಳಿಂದ ಕಂಡುಬಂದಿದೆ. ಇದು ಸಣ್ಣ ಲಾಭವಲ್ಲ. ಆದರೆ ಇದು ಔಷಧಕ್ಕೆ ಸಹಾಯವೇ ಹೊರತು ಔಷಧಕ್ಕೆ ಬದಲಲ್ಲ. ಇನ್ಸುಲಿನ್ನನ್ನು ಅವಲಂಬಿಸಿರುವ ಮಧುಮೇಹ ರೋಗಿಯು ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು. ರಕ್ತದ ಒತ್ತಡದ ಮಾತ್ರೆಯನ್ನು ನಿಲ್ಲಿಸಿದವರಿಗೆ ಪಾರ್ಶ್ವವಾಯು ಬಡಿಯಬಹುದು. ಕ್ಷಯರೋಗದ ಔಷಧವನ್ನು ನಡುವೆ ಬಿಟ್ಟರೆ ರೋಗಾಣುಗಳು ಆ ಔಷಧಕ್ಕೆ ಬಗ್ಗದಂತಾಗುತ್ತವೆ. ಮನೆಯ ಇತರರಿಗೂ ಅದೇ ರೋಗಾಣು ಹರಡುತ್ತದೆ. ಪುಸ್ತಕದ ಬೆಲೆ ಕೆಲವು ನೂರು ರೂಪಾಯಿ ಇರಬಹುದು. ಅದರ ಒಂದು ತಪ್ಪು ವಾಕ್ಯಕ್ಕೆ ಕುಟುಂಬವು ತೆರಬೇಕಾದ ಬೆಲೆಗೆ ಲೆಕ್ಕವಿಲ್ಲ.

ಆದಕಾರಣ ಔಷಧವನ್ನು ನಿಲ್ಲಿಸಿರೆಂದು ಒಂದು ಕಡೆಯಾದರೂ ಹೇಳುವ ಪುಸ್ತಕವನ್ನು, ಉಳಿದ ಪುಟಗಳು ಎಷ್ಟೇ ಚೆನ್ನಾಗಿರಲಿ, ಮನೆಗೆ ತರಬೇಡಿ. ಔಷಧದ ಪ್ರಮಾಣವನ್ನು ತಗ್ಗಿಸುವುದಾದರೆ ಅದನ್ನು ವೈದ್ಯರೇ ಪರೀಕ್ಷಿಸಿ ಹೇಳಬೇಕು.

7. ಪುಸ್ತಕವೂ ಶಿಕ್ಷಕರೂ

ತಿಂಗಳಿಗೊಮ್ಮೆಯಾದರೂ ಬಲ್ಲವರೊಬ್ಬರ ಮುಂದೆ ಅಭ್ಯಾಸ ಮಾಡಿ ತಪ್ಪುಗಳನ್ನು ತಿದ್ದಿಸಿಕೊಳ್ಳುವುದು ಒಳ್ಳೆಯದು. ಈ ಪದ್ಧತಿಯಲ್ಲಿ ಶಿಕ್ಷಕರು ಕೈಯಿಂದ ಮುಟ್ಟಿ ಆಸನವನ್ನು ಸರಿಪಡಿಸುವ ರೂಢಿಯಿದೆ. ಇಲ್ಲಿ ಒಂದು ವಿಷಯವನ್ನು ಮರೆಮಾಚದೆ ಹೇಳಬೇಕಾಗಿದೆ. ಪಟ್ಟಾಭಿ ಜೋಯಿಸರು ಆಸನ ತಿದ್ದುವ ಸಂದರ್ಭದಲ್ಲಿ ತಮ್ಮನ್ನು ಅನುಚಿತವಾಗಿ ಸ್ಪರ್ಶಿಸಿದ್ದರೆಂದು ಅವರ ಹಲವು ಶಿಷ್ಯೆಯರು 2017ರ ನಂತರ ಬಹಿರಂಗವಾಗಿ ತಿಳಿಸಿದರು. ಜೋಯಿಸರ ಮೊಮ್ಮಗನೂ ಉತ್ತರಾಧಿಕಾರಿಯೂ ಆಗಿದ್ದ ಶರತ್ ಜೋಯಿಸರು 2019ರಲ್ಲಿ ಈ ಬಗೆಗೆ ಕ್ಷಮೆ ಕೋರಿದರು. ಗುರುವಿನ ಮೇಲಣ ಗೌರವವು ಶಿಷ್ಯರ ಮೌನಕ್ಕೆ ಕಾರಣವಾಗಬಾರದೆಂಬುದೇ ಇದರಿಂದ ಕಲಿಯಬೇಕಾದ ಪಾಠ. ಮುಟ್ಟುವ ಮೊದಲು ಅನುಮತಿ ಕೇಳುವುದು ಶಿಕ್ಷಕರ ಧರ್ಮ; ಬೇಡವೆನ್ನುವುದು ಕಲಿಯುವವರ ಹಕ್ಕು. ನೋವಾಗುವಂತೆ ಒತ್ತುವುದನ್ನಾಗಲಿ ಮುಜುಗರವಾಗುವಂತೆ ಮುಟ್ಟುವುದನ್ನಾಗಲಿ ಯಾರೂ ಸಹಿಸಬೇಕಾಗಿಲ್ಲ. ಇಂದಿನ ಪುಸ್ತಕವೊಂದರಲ್ಲಿ ಈ ಮಾತು ಸ್ಪಷ್ಟವಾಗಿ ಬರೆದಿದ್ದರೆ ಅದು ಆ ಪುಸ್ತಕದ ಗುಣವೆಂದೇ ಎಣಿಸಬೇಕು.

8. ಪುಸ್ತಕದಿಂದ ಆರಂಭಿಸುವ ಕ್ರಮ

ಪುಸ್ತಕವನ್ನು ತಂದ ದಿನವೇ ಆಸನಕ್ಕೆ ತೊಡಗಬೇಡಿ. ಸೂರ್ಯನಮಸ್ಕಾರದ ಅಧ್ಯಾಯವನ್ನು ಮೂರು ಬಾರಿ ನಿಧಾನವಾಗಿ ಓದಿ. ಬಳಿಕ ಮನೆಯವರೊಬ್ಬರು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿರಲಿ, ನೀವು ಕೇಳುತ್ತ ಮಾಡಿ. ಕತ್ತನ್ನು ತಿರುಗಿಸಿ ತಿರುಗಿಸಿ ಪುಸ್ತಕವನ್ನು ನೋಡುತ್ತ ಆಸನ ಮಾಡುವುದರಿಂದ ಕತ್ತು ಉಳುಕುವುದುಂಟು. ಓದುವವರಿದ್ದರೆ ಈ ತೊಂದರೆ ತಪ್ಪುತ್ತದೆ. ಓದುವವರೇ ನಿಮ್ಮ ಭಂಗಿಯನ್ನು ಚಿತ್ರದೊಡನೆ ಹೋಲಿಸಿ ಹೇಳಬಲ್ಲರು.

ಊಟವಾಗಿ ಮೂರು ನಾಲ್ಕು ಗಂಟೆಗಳಾದರೂ ಕಳೆದಿರಲಿ. ಜಾರದ ನೆಲದ ಮೇಲೆ ಜಮಖಾನವನ್ನೋ ಚಾಪೆಯನ್ನೋ ಹಾಸಿಕೊಳ್ಳಿ. ಮೊದಲ ವಾರ ಮೊದಲ ಬಗೆಯ ಸೂರ್ಯನಮಸ್ಕಾರವನ್ನು ಮೂರು ಬಾರಿ ಮಾತ್ರ ಮಾಡಿ, ಶವಾಸನದಲ್ಲಿ ಐದು ನಿಮಿಷ ವಿಶ್ರಮಿಸಿ. ಉಸಿರು ಏದುಸಿರಾಗದೆ ನಡೆಯತೊಡಗಿದ ಮೇಲೆ ಐದು ಬಾರಿಗೆ ಏರಿಸಿ. ನಂತರ ಎರಡನೆಯ ಬಗೆಯನ್ನು, ಆಮೇಲೆ ಪಾದಾಂಗುಷ್ಠಾಸನ, ಪಾದಹಸ್ತಾಸನ, ತ್ರಿಕೋಣಾಸನ ಮುಂತಾದ ನಿಂತು ಮಾಡುವ ಆಸನಗಳನ್ನು ಒಂದೊಂದಾಗಿ ಸೇರಿಸಿ. ಮುಂದಕ್ಕೆ ಬಾಗುವಾಗ ತೊಡೆಯ ಹಿಂಭಾಗ ಬಿಗಿಯೆನಿಸಿದರೆ ಮೊಣಕಾಲುಗಳನ್ನು ತುಸು ಮಡಿಸಿ. ಹಾರಿ ಹಿಂದಕ್ಕೆ ಹೋಗಲಾಗದಿದ್ದರೆ ಒಂದೊಂದೇ ಕಾಲನ್ನು ಹಿಂದಿಡಿ. ಇದರಿಂದ ಅಭ್ಯಾಸವು ಕೀಳಾಗುವುದಿಲ್ಲ. ಆಸನವು ಸ್ಥಿರವೂ ಸುಖಕರವೂ ಆಗಿರಬೇಕೆಂಬುದೇ ಪತಂಜಲಿಗಳ ಅಭಿಪ್ರಾಯ.

ಸ್ನಾಯು ಎಳೆದಂತಾಗುವುದು ಬೇರೆ, ಕೀಲಿನಲ್ಲಿ ಚುಚ್ಚಿದಂತಾಗುವುದು ಬೇರೆ. ಮೊದಲನೆಯದು ಅಭ್ಯಾಸದ ಲಕ್ಷಣ. ಎರಡನೆಯದು ನಿಲ್ಲಿಸಬೇಕೆಂಬ ಸೂಚನೆ. ಎದೆನೋವು, ಉಸಿರುಗಟ್ಟುವಿಕೆ, ಕೈಕಾಲು ಜೋಮು, ಕಣ್ಣು ಕತ್ತಲೆ ಕಂಡರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ವಾರಕ್ಕೊಂದು ದಿನ ಬಿಡುವು ಇರಲಿ. ಈ ಪರಂಪರೆಯಲ್ಲಿ ಶನಿವಾರವೂ, ಅಮಾವಾಸ್ಯೆ ಹುಣ್ಣಿಮೆಗಳೂ ವಿರಾಮದ ದಿನಗಳು.

ಕೊಳ್ಳಲು ಹಣವಿಲ್ಲದಿದ್ದರೆ ಚಿಂತೆಯಿಲ್ಲ. ನಿಮ್ಮ ಜಿಲ್ಲಾ ಗ್ರಂಥಾಲಯದಲ್ಲಾಗಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಾಗಲಿ ವಿಚಾರಿಸಿ. ನಾಲ್ಕೈದು ಮನೆಗಳವರು, ಇಲ್ಲವೆ ಮಹಿಳಾ ಸಂಘದವರು ಕೂಡಿ ಒಂದು ಒಳ್ಳೆಯ ಪುಸ್ತಕವನ್ನು ಕೊಂಡು ಸರದಿಯ ಮೇಲೆ ಓದಬಹುದು. ಆರೋಗ್ಯ ಕಾರ್ಯಕರ್ತೆಯರು ಮನೆಗಳಿಗೆ ಭೇಟಿ ಕೊಟ್ಟಾಗ ಯಾವ ಪುಸ್ತಕವನ್ನು ನೋಡಿ ಅಭ್ಯಾಸ ನಡೆದಿದೆ, ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು ಒಂದು ಮಾತು ಕೇಳುವುದು ಉಪಯುಕ್ತ.

ನೆನಪಿನಲ್ಲಿಡಬೇಕಾದ ಅಂಶಗಳು

1. ಪುಸ್ತಕವು ಎಂಟು ಅಂಗಗಳ ತತ್ವವನ್ನು ಕುರಿತದ್ದೋ, ವಿನ್ಯಾಸದ ಅಭ್ಯಾಸವನ್ನು ಕುರಿತದ್ದೋ ನೋಡಿ.
2. ಪ್ರತಿಯೊಂದು ಚಲನೆಗೂ ಚಿತ್ರ, ಉಸಿರು, ದೃಷ್ಟಿ ಈ ಮೂರೂ ಹೇಳಿರಬೇಕು.
3. ಮೊಣಕಾಲು, ಕತ್ತು, ಕಣ್ಣು ಇವುಗಳ ಬಗೆಗೆ ಎಚ್ಚರಿಕೆಯೂ, ಸುಲಭ ಕ್ರಮಗಳೂ ಇರಬೇಕು.
4. ಗರ್ಭಿಣಿ, ಬಾಣಂತಿ, ರೋಗಿ ಇವರಿಗೆ ಪ್ರತ್ಯೇಕ ಸೂಚನೆಗಳಿರಬೇಕು.
5. ಔಷಧವನ್ನು ಬಿಡಿಸುವ ಪುಸ್ತಕವು ಬೇಡವೇ ಬೇಡ.
6. ಬಲವಂತದ ಅಭ್ಯಾಸಕ್ಕಿಂತ ನಿಧಾನವಾದ, ನಿತ್ಯವಾದ ಅಭ್ಯಾಸವೇ ಮೇಲು.

ಅಭ್ಯಾಸಕ್ಕೆ ಪ್ರಶ್ನೆಗಳು

1. ‘ಅಷ್ಟಾಂಗ’ ಎಂಬ ಮಾತಿನ ಎರಡು ಅರ್ಥಗಳಾವುವು?
2. ಪದ್ಮಾಸನದಲ್ಲಿ ತಿರುವು ಯಾವ ಕೀಲಿನಿಂದ ಬರಬೇಕು? ಏಕೆ?
3. ಇನ್ಸುಲಿನ್ ತೆಗೆದುಕೊಳ್ಳುವವರು ಬರಿಯ ಹೊಟ್ಟೆಯಲ್ಲಿ ಅಭ್ಯಾಸ ಮಾಡುವ ಮೊದಲು ಯಾರನ್ನು ವ��ಚಾರಿಸಬೇಕು?
4. ನಿಮ್ಮ ಮನೆಯಲ್ಲಿ ಈಗಾಗಲೇ ಇರುವ ಯೋಗ ಪುಸ್ತಕವೊಂದನ್ನು ತೆರೆದು, ಮೂರನೆಯ ಭಾಗದಲ್ಲಿ ಹೇಳಿದ ನಾಲ್ಕು ಪುಟಗಳ ಪರೀಕ್ಷೆಯನ್ನು ಮಾಡಿ. ಅದು ಎಷ್ಟರಲ್ಲಿ ತೇರ್ಗಡೆಯಾಯಿತು?